ಆಮೆ ನಮ್ಮ ಹೊಳೆಯದೂ ಹೌದು

‘ಆಮೆ ಕಾರವಾರದವರ ಚಿಂತೆ, ಕೊಪ್ಪಳದವರಿಗೇಕೆ? ನೀರಲ್ಲೇ ಇರುವ ಪ್ರಾಣಿ ಬಲೆಗೆ ಸಿಕ್ಕರೂ ಸಾಯದು’ ಎಂದು ಲೇಖಕರೊಬ್ಬರು ಬರೆದಿದ್ದಾರೆ. ಎರಡೂ ಶುದ್ಧ ತಪ್ಪು. ಕಡಲಾಮೆಗಾಗಲಿ, ನಮ್ಮ ತುಂಗಭದ್ರೆಯ ಲೀಥ್ ಮೆದುಚಿಪ್ಪಿನ ಆಮೆಗಾಗಲಿ ಮೀನಿನಂತೆ ಕಿವಿರಿಲ್ಲ, ಇರುವುದು ಶ್ವಾಸಕೋಶ. ಗಂಗಾವತಿ ಕಡೆಯ ಹೊಳೆದಂಡೆಯಲ್ಲಿ ಸದ್ದಿಲ್ಲದೆ ಕುಳಿತು ನೋಡಿ. ಕೊಳವೆಯಂಥ ಮೂಗಿನ ತುದಿಯಷ್ಟೇ ನೀರಿನಿಂದ ಮೇಲೆದ್ದು, ಉಸಿರೆಳೆದು, ಮತ್ತೆ ಮುಳುಗುತ್ತದೆ. ನೈಲಾನ್ ಬಲೆ ಆ ಮೂಗನ್ನು ಕೆಳಗೇ ಹಿಡಿದಿಟ್ಟರೆ ಆಮೆ ಉಸಿರುಕಟ್ಟಿ ಸಾಯುತ್ತದೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವಾಯಿತು. ಆ ನೆಲೆ ಆಮೆಯದೂ ಹೌದು. ಮೊಟ್ಟೆಯಿಡುವ ದಂಡೆಯ ಮರಳನ್ನೇ ಲಾರಿಗೆ ತುಂಬಿ ಕುಷ್ಟಗಿ, ಯಲಬುರ್ಗಾದ ಕಟ್ಟಡಗಳಿಗೆ ಸುರಿದರೆ, ಅದು ಮೊಟ್ಟೆಯಿಡುವುದೆಲ್ಲಿ?