ಗ್ರಂಥಋಣದಲ್ಲೂ ‘ಆ್ಯಂಡ್’ನ ಯಜಮಾನಿಕೆಯೇ?



ನಾಮಫಲಕದಲ್ಲಿ ಕನ್ನಡ ಇಲ್ಲವೆಂದರೆ ಬೀದಿಗಿಳಿಯುತ್ತೇವೆ. ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲವೆಂದರೆ ದನಿ ಎತ್ತುತ್ತೇವೆ. ಸರಿ, ಎತ್ತಲೇಬೇಕು. ಆದರೆ ಕನ್ನಡದ ಸಂಶೋಧನಾ ಪ್ರಬಂಧವೊಂದನ್ನು ಲೇಟೆಕ್‌ನಲ್ಲಿ ಜೋಡಿಸಿ ನೋಡಿ. ಒಡಲೆಲ್ಲ ಅಚ್ಚಗನ್ನಡ! ಕೊನೆಯ ಗ್ರಂಥಋಣಕ್ಕೆ ಬಂದರೆ ಇಬ್ಬರು ಲೇಖಕರ ನಡುವೆ ‘ಆ್ಯಂಡ್’, ಸಂಪಾದಕರ ಪಕ್ಕದಲ್ಲಿ ‘ಎಡಿಟರ್’, ಪುಟಸಂಖ್ಯೆಗೆ ಮೊದಲು ‘ಪೇಜಸ್’!

ಇದು ಯಾರ ಪಿತೂರಿಯೂ ಅಲ್ಲ. ಲೇಟೆಕ್‌ಗೆ ಗ್ರಂಥಪಟ್ಟಿ ಕಟ್ಟಿಕೊಡುವ ಬಿಬ್‌ಟೆಕ್ ತಂತ್ರಾಂಶವನ್ನು ಓರೆನ್ ಪಟಾಷ್ನಿಕ್ 1985ರಲ್ಲಿ ರೂಪಿಸಿದರು. ಪಟ್ಟಿ ಹೇಗಿರಬೇಕೆಂಬ ಅಪ್ಪಣೆ ಇರುವುದು ‘ಬಿಎಸ್‌ಟಿ’ ಎಂಬ ಶೈಲಿ ಕಡತದಲ್ಲಿ. ಅವರು ತಮ್ಮ ಭಾಷೆಗೆ ಬೇಕಾದಂತೆ ಬರೆದುಕೊಂಡರು. ನಮ್ಮದನ್ನು ಬರೆಯಬೇಕಾದವರು ಯಾರು? ನಾವಲ್ಲವೇ?

ಬರೆಯದಿದ್ದರೆ ಆಗುವ ಅವಮಾನ ನೋಡಿ. ಕನ್ನಡಕ್ಕಾಗಿ ಬಾಳು ಸವೆಸಿದ ಎಂ. ಚಿದಾನಂದ ಮೂರ್ತಿ ಅವರ ಹೆಸರು ಕೊಟ್ಟರೆ ‘ಮೂರ್ತಿ’ಯೇ ಮನೆತನದ ಹೆಸರೆಂದು ತಿಳಿದು ‘ಮ’ಕಾರದ ಸಾಲಿಗೆ ತಳ್ಳುತ್ತದೆ. ಹೆಸರು ಮೊಟಕು ಮಾಡುವ ‘ಅಬ್ರವ್’ ಶೈಲಿಯಲ್ಲಿ ಇನ್ನೂ ಘೋರ. ಯುಟಿಎಫ್-8 ಪದ್ಧತಿಯಲ್ಲಿ ‘ಚ’ಕಾರಕ್ಕೇ 3 ಬೈಟ್ ಬೇಕು, ಹಳೆಯ ಬಿಬ್‌ಟೆಕ್ ಒಂದೇ ಬೈಟ್ ಕತ್ತರಿಸಿಕೊಂಡು ಉಳಿದದ್ದನ್ನು ಬಿಸಾಡುತ್ತದೆ. ಅಕ್ಷರದ ಮೂರನೇ ಒಂದು ಭಾಗ ಮಾತ್ರ ಉಳಿದರೆ ಓದುವುದು ಹೇಗೆ?

ಪರಿಹಾರ ನಮ್ಮ ಕೈಯಲ್ಲೇ ಇದೆ. ‘ಪ್ಲೇನ್’ ಶೈಲಿಯ ಕಡತ ಬರೀ ಪಠ್ಯ. ಯಾರು ಬೇಕಾದರೂ ತೆರೆದು ತಿದ್ದಬಹುದು. ಅದರ ಷರತ್ತು ಒಂದೇ: ತಿದ್ದಿದರೆ ಬೇರೆ ಹೆಸರಿಡಬೇಕು. ಇಡೋಣ, ‘ಕನ್ನಡ’ ಎಂದೇ ಇಡೋಣ! ‘ಆ್ಯಂಡ್’ ಇದ್ದಲ್ಲಿ ‘ಮತ್ತು’, ‘ಪೇಜಸ್’ ಇದ್ದಲ್ಲಿ ‘ಪುಟಗಳು’ ಬರಲಿ. ‘ಇನ್’ ಎಂಬುದನ್ನು ಮಾತ್ರ ಪದಕ್ಕೆ ಪದ ಇಟ್ಟು ಕನ್ನಡಿಸಲಾಗದು. ನಮ್ಮ ‘ಅಲ್ಲಿ’ ಪುಸ್ತಕದ ಹೆಸರಾದ ಮೇಲೆ ಬರುವುದರಿಂದ ಆ ಸಾಲನ್ನೇ ತಿರುಗಿಸಿ ಬರೆಯಬೇಕು. ಹೆಸರುಗಳನ್ನು ಮೊಟಕು ಮಾಡದೆ ಪೂರ್ತಿ ಅಚ್ಚಾಗಲು ಬಿಡಬೇಕು.

ಅಳವಡಿಸುವುದು ಐದು ನಿಮಿಷದ ಕೆಲಸ. ಕಡತವನ್ನು ಪ್ರಬಂಧ ಇರುವ ಫೋಲ್ಡರಿನಲ್ಲೇ ಇಟ್ಟರೂ ಸಾಕು. ಎಲ್ಲ ಬರಹಗಳಿಗೂ ಸಿಗಬೇಕೆಂದರೆ, ಟೆಕ್ ಲೈವ್ ಇರುವ ಲಿನಕ್ಸ್ ಗಣಕದಲ್ಲಿ ನಿಮ್ಮ ಹೋಮ್ ಫೋಲ್ಡರಿನೊಳಗೆ ‘ಟೆಕ್ಸ್‌ಎಂಎಫ್’, ಅದರೊಳಗೆ ‘ಬಿಬ್‌ಟೆಕ್ಸ್’, ಅದರೊಳಗೆ ‘ಬಿಎಸ್‌ಟಿ’ ಫೋಲ್ಡರ್ ಮಾಡಿ ಅಲ್ಲಿಡಿ. ಕನ್ನಡ ಲಿಪಿ ಮೂಡಿಸಲು ಝೀಲೇಟೆಕ್ ಬಳಸಿ. ಅದನ್ನು ಒಮ್ಮೆ, ಬಿಬ್‌ಟೆಕ್ ಒಮ್ಮೆ, ಮತ್ತೆ ಝೀಲೇಟೆಕ್ ಎರಡು ಸಲ ಓಡಿಸಿ. ಪಟ್ಟಿ ಸಿದ್ಧ.

ಯುನಿಕೋಡ್ ಬಲ್ಲ ಬೈಬರ್‌ನಂಥ ಹೊಸ ಸಲಕರಣೆಗಳೂ ಬಂದಿವೆ, ನಿಜ. ಆದರೆ ಕನ್ನಡದ ಪದ, ಕನ್ನಡದ ಹೆಸರಿನ ಕ್ರಮ ಯಾವುದೆಂದು ಹೇಳಬೇಕಾದವರು ಕನ್ನಡಿಗರೇ.

ವಿಶ್ವವಿದ್ಯಾಲಯಗಳಿಗೆ ನಮ್ಮ ಒತ್ತಾಯ ಇಷ್ಟೇ: ಪ್ರಬಂಧದ ನಿಯಮಗಳ ಜೊತೆಗೆ ಕನ್ನಡ ಶೈಲಿ ಕಡತವನ್ನೂ ಕೊಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೇ ಮೊದಲ ಹೆಜ್ಜೆ ಇಡಲಿ. ಅಲ್ಲಿಯವರೆಗೆ, ಗಣಕ ಕಲಿತ ಗೆಳೆಯರೇ, ಕೈಕಟ್ಟಿ ಕೂರಬೇಡಿ. ಬರೆಯಿರಿ, ಅಳವಡಿಸಿ, ಹತ್ತು ಜನರಿಗೆ ಹಂಚಿ!