ಕರೆಂಟ್ ಎಂದರೆ ವಿದ್ಯುತ್ ಮಾತ್ರವೇ?

ಸಹೋದರಿಯರೇ, ಘೋಡಗೇರಿಯ ಮನೆಗಳಲ್ಲಿ ದೀಪ ಆರಿದರೆ ‘ಕರೆಂಟ್ ಹೋತು’ ಅನ್ನುತ್ತೀರಿ. ಇಂಗ್ಲಿಷಿನಲ್ಲಿ ಅದು ‘ಪವರ್ ಕಟ್’. ಕರೆಂಟ್ ಪದದ ಲ್ಯಾಟಿನ್ ಮೂಲಕ್ಕೆ ‘ಓಡು’ ಎಂಬ ಅರ್ಥವಿದೆ.

ತಂತಿಯಲ್ಲಿ ಹರಿಯುವ ವಿದ್ಯುತ್ತೂ ಕರೆಂಟ್, ನದಿಯ ಸೆಳವೂ ಕರೆಂಟ್. ಘಟಪ್ರಭೆ ಸುಮಾರು 52 ಮೀಟರ್ ಧುಮುಕುವ ಗೋಕಾಕ ಜಲಪಾತದಲ್ಲಿ ನೀರಿನ ಬಲದಿಂದಲೇ ವಿದ್ಯುತ್ ತಯಾರಾಯಿತು.

‘ಈಗಿನ’ ಎಂಬುದಕ್ಕೂ ಕರೆಂಟ್ ಎನ್ನುತ್ತಾರೆ. ಅರ್ಜಿಯಲ್ಲಿ ‘ಕರೆಂಟ್ ಅಡ್ರೆಸ್’ ಎಂದಿದ್ದರೆ ಸದ್ಯ ವಾಸವಿರುವ ಮನೆಯ ವಿಳಾಸ ಬರೆಯಿರಿ, ತವರಿನದಲ್ಲ. ಬ್ಯಾಂಕಿನ ‘ಕರೆಂಟ್ ಅಕೌಂಟ್’ ಎಂದರೆ ವ್ಯಾಪಾರಸ್ಥರ ಚಾಲ್ತಿ ಖಾತೆ. ಅದಕ್ಕೆ ಸಾಮಾನ್ಯವಾಗಿ ಬಡ್ಡಿಯಿಲ್ಲ.

ಹೊಳೆ ದಂಡೆಯಲ್ಲಿ ‘ಸ್ಟ್ರಾಂಗ್ ಕರೆಂಟ್’ ಎಂಬ ಫಲಕ ಕಂಡರೆ ವಿದ್ಯುತ್ ತಂತಿ ಹುಡುಕುತ್ತಾ ನಿಲ್ಲಬೇಡಿ. ಸೆಳವು ಜೋರಾಗಿದೆ, ಮಕ್ಕಳನ್ನು ನೀರಿಗಿಳಿಸಬೇಡಿ.

ಹಾಗಾದರೆ ‘ಕರೆಂಟ್ ಅಫೇರ್ಸ್’ ಎಂದರೇನು? ಮಕ್ಕಳನ್ನು ಕೇಳಿ ನೋಡಿ.