ಮೇಲ್ವಿಚಾರಕಿ ಅಂದ್ರೆ ಗದರುವಾಕಿ ಅಲ್ಲ!

ನವನಗರದಂಥ ಬಡಾವಣೆಗಳಲ್ಲಿ ಈಗ ಮನೆಯಿಂದಲೇ ಉದ್ಯಮ ನಡೆಸುವ ಗೃಹಿಣಿಯರಿಗೇನೂ ಬರವಿಲ್ಲ. ಒಬ್ಬರು ರೊಟ್ಟಿ ಮಾಡಿಸಿ ಅಂಗಡಿಗೆ ಕೊಡ್ತಾರೆ, ಇನ್ನೊಬ್ಬರದು ಹಪ್ಪಳ, ಶೇಂಗಾ ಚಟ್ನಿ. ಮತ್ತೊಬ್ಬರ ಮಹಡಿ ಮೇಲೆ ನಾಲ್ಕಾರು ಹೊಲಿಗೆ ಯಂತ್ರ. ಇಬ್ಬರಿದ್ದ ಕೆಲಸಗಾರ್ತಿಯರು ಹನ್ನೆರಡಾದಾಗ ನಿಮಗೊಬ್ಬ ಮೇಲ್ವಿಚಾರಕಿ ಬೇಕಾಗ್ತಾಳೆ. ಆಗೇನು ಮಾಡ್ತೀರಿ? ಎಲ್ಲರಿಗಿಂತ ಚೆಂದ ಕೆಲಸ ಮಾಡುವಾಕಿಯನ್ನು ಕರೆದು, "ನಾಳೆಯಿಂದ ನೀನೇ ಎಲ್ಲಾ ನೋಡ್ಕೋ ಬೇ" ಅಂತೀರಿ. ಅಲ್ವಾ?

ಎಡವಟ್ಟಾಗುವುದೇ ಇಲ್ಲಿ. ತೆಳ್ಳಗೆ ರೊಟ್ಟಿ ಬಡಿಯುವುದು ಒಂದು ವಿದ್ಯೆ, ಅದನ್ನು ಹತ್ತು ಮಂದಿಗೆ ಕಲಿಸಿ ಮಾಡಿಸುವುದು ಇನ್ನೊಂದು. ಈ ಎರಡನೆಯದನ್ನು ಆಕೆಗೆ ಯಾರೂ ಕಲಿಸಿರುವುದಿಲ್ಲ. ತಾನು ಬೈಸಿಕೊಂಡದ್ದು ನೆನಪಿರುತ್ತದೆ, ಅದನ್ನೇ ಮಾಡುತ್ತಾಳೆ. ಹೊಸ ಹುಡುಗಿ ವಾರದೊಳಗೆ ಬಿಟ್ಟು ಹೋಗುತ್ತಾಳೆ. ಕೊನೆಗೆ ನಿಮಗೆ ಒಳ್ಳೆಯ ಕೆಲಸಗಾರ್ತಿಯೂ ಇಲ್ಲ, ಮೇಲ್ವಿಚಾರಕಿಯೂ ಇಲ್ಲ!

"ತರಬೇತಿ ಎಲ್ಲಾ ದೊಡ್ಡ ಕಂಪನಿಗೆ ರೀ, ನಮಗ್ಯಾಕೆ?" ಎನ್ನಬೇಡಿ. ಆಕೆಯನ್ನು ಮೂರು ದಿನ ಶಿಬಿರಕ್ಕೆ ಕಳಿಸಿದರೆ ನಿಮ್ಮ ಆರ್ಡರೇ ನಿಲ್ಲುತ್ತದೆ, ನಿಜ. ಆದರೆ ರವಿಕೆಯನ್ನು ನಮ್ಮ ಅಳತೆಗೆ ಹೊಲಿಸುವ ನಾವು ತರಬೇತಿಯನ್ನೂ ಹಾಗೇ ಹೊಲಿಸಿಕೊಳ್ಳಬಹುದಲ್ಲ?

ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕ ಸರ್ಕಾರ ಕಾರ್ಖಾನೆಗಳ ಮೇಲ್ವಿಚಾರಕರಿಗಾಗಿ ಟಿಡಬ್ಲ್ಯುಐ ಎಂಬ ತರಬೇತಿ ನಡೆಸಿತು. ಗಂಡಸರು ಯುದ್ಧಕ್ಕೆ ಹೋಗಿದ್ದರು, ಯಂತ್ರವನ್ನೇ ಮುಟ್ಟಿರದ ಹೆಂಗಸರು ಕೆಲಸಕ್ಕೆ ಬಂದಿದ್ದರು. ಬೇಗ ಕಲಿಸಬೇಕಿತ್ತು. ಹತ್ತು ಮಂದಿಯ ಗುಂಪು, ಎರಡೆರಡು ಗಂಟೆಯ ಐದು ಪಾಠ. ಒಟ್ಟು ಹತ್ತೇ ಗಂಟೆ! ಮುಂದೆ ಜಪಾನಿನ ಟೊಯೋಟಾ ಕೂಡ ಇದನ್ನು ಅಳವಡಿಸಿಕೊಂಡಿತು. ಕಲಿಸುವ ಕ್ರಮಕ್ಕೆ ನಾಲ್ಕೇ ಮೆಟ್ಟಿಲು: ಕಲಿಯುವವರ ಅಂಜಿಕೆ ಬಿಡಿಸಿ, ಮಾಡಿ ತೋರಿಸಿ, ಅವರಿಂದ ಮಾಡಿಸಿ, ಆಮೇಲೆ ಅವರ ಪಾಡಿಗೆ ಬಿಟ್ಟು ಆಗಾಗ ಬಂದು ನೋಡಿ. ಕಲಿಯುವವಳಿಗೆ ಬರಲಿಲ್ಲವೆಂದರೆ ಕಲಿಸುವವಳು ಸರಿಯಾಗಿ ಕಲಿಸಿಲ್ಲ ಎಂಬುದು ಅದರ ತಿರುಳು.

ನಿಮ್ಮ ಘಟಕಕ್ಕೆ ಇದನ್ನು ಹೀಗೆ ಹೊಂದಿಸಿಕೊಳ್ಳಿ:

* ವಾರಕ್ಕೆ ಎರಡು ದಿನ ಒಂದೊಂದು ಗಂಟೆಯಂತೆ ಐದು ವಾರ ಕಲಿಸಿ. ಅದೇ ಹತ್ತು ಗಂಟೆ. ಕೆಲಸವೂ ನಿಲ್ಲದು.

* ಪ್ರತಿ ಕೆಲಸಕ್ಕೂ ಒಂದು ಹಾಳೆಯಲ್ಲಿ ಏನು, ಹೇಗೆ, ಯಾಕೆ ಅಂತ ಬರೆಸಿ. ಜೋಳದ ಹಿಟ್ಟನ್ನು ಕುದಿನೀರಿನಲ್ಲೇ ಯಾಕೆ ನಾದಬೇಕು? ಜೋಳಕ್ಕೆ ಗೋಧಿಯ ಜಿಗುಟಿಲ್ಲ, ಬಿಸಿನೀರು ಬಿದ್ದರೇ ಹಿಟ್ಟು ಕೂಡಿಕೊಳ್ಳುವುದು. "ಯಾಕೆ" ಗೊತ್ತಾದವಳು ನೀವಿಲ್ಲದಾಗಲೂ ತಪ್ಪುವುದಿಲ್ಲ.

* ತಪ್ಪನ್ನು ಬದಿಗೆ ಕರೆದು ಹೇಳಲಿ, ಮೆಚ್ಚುಗೆಯನ್ನು ನಾಲ್ವರ ಎದುರು ಹೇಳಲಿ. ಇದನ್ನು ಮೊದಲು ನೀವೇ ಆಕೆಯೊಂದಿಗೆ ಪಾಲಿಸಿ.

* ಹೊಸ ಜವಾಬ್ದಾರಿ ಸಂಬಳದಲ್ಲೂ ಕಾಣಲಿ. ಬರೀ ಹೆಸರಿಗೆ ಮೇಲ್ವಿಚಾರಕಿ ಮಾಡಬೇಡಿ.

* ಕಾನೂನನ್ನೂ ತಿಳಿಸಿ. ಡೆಲಿವರಿಗೆ ಬಂದವನೋ, ಮಾಲು ಒಯ್ಯುವವನೋ ಕೆಟ್ಟದಾಗಿ ನಡೆದುಕೊಂಡರೆ ಹುಡುಗಿ ಮೊದಲು ಹೇಳುವುದು ಮೇಲ್ವಿಚಾರಕಿಯ ಹತ್ತಿರ. "ಸುಮ್ನಿರು, ದೊಡ್ಡದು ಮಾಡಬ್ಯಾಡ" ಅಂದರೆ ಅಲ್ಲಿಗೆ ಮುಗಿಯಿತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಹತ್ತಕ್ಕಿಂತ ಕಡಿಮೆ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟಕ ಚಿಕ್ಕದಾದರೂ ಅಲ್ಲಿನ ಹೆಣ್ಣುಮಕ್ಕಳ ಮಾನ ಚಿಕ್ಕದಲ್ಲ.

ಒಬ್ಬರಿಂದಾಗದಿದ್ದರೆ ಮೂರ್ನಾಲ್ಕು ಘಟಕದವರು ಸೇರಿಕೊಳ್ಳಿ. ಉದ್ಯಮ ಶುರು ಮಾಡುವವರಿಗೆ ತರಬೇತಿ ಕೊಡುವ ಸಿಡಾಕ್ ಧಾರವಾಡದಲ್ಲೇ ಇದೆ. ಮೇಲ್ವಿಚಾರಕಿಯರಿಗೂ ಒಂದು ಚಿಕ್ಕ ಕೋರ್ಸು ಮಾಡಿ ಎಂದು ನಾವೇ ಹೋಗಿ ಕೇಳಬೇಕು. ಕೇಳದೆ ಯಾರೂ ಕೊಡುವುದಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಬೈಸಿಕೊಂಡ ಸೊಸೆ ಮುಂದೆ ಬೈಯುವ ಅತ್ತೆಯಾಗುವುದನ್ನು ಮನೆಯಲ್ಲೇ ಕಂಡಿದ್ದೇವೆ. ಕೆಲಸದ ಜಾಗದಲ್ಲಾದರೂ ಆ ಸರಪಳಿ ಕಡಿಯಲಿ. ಹತ್ತು ಗಂಟೆಯ ಮಾತು ಅಷ್ಟೇ. ಈ ವಾರವೇ ಶುರು ಮಾಡಿ ನೋಡ್ರಿ!